ಬಾಯಿ ಬಿಡದ ಇಂಗ್ಲಿಷ್ ಮಿಸ್ಸು

ಶಾಲೆಯ ಮಕ್ಕಳಿಗೆಲ್ಲ ಮಿಸ್ಸನ್ನು ಕಂಡರೆ ಭಯ. ಮಿಸ್ಸಿಗೆ ಇಂಗ್ಲಿಷನ್ನು ಕಂಡರೆ ಭಯ. ಮೊದಲನೆಯದು ಊರಿಗೆಲ್ಲ ಗೊತ್ತಿತ್ತು. ಎರಡನೆಯದು ಮಿಸ್ಸಿನ ಗಂಡನೊಬ್ಬನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಅಲ್ಲ, ಇಂಗ್ಲಿಷ್ ಕಲಿಸುವವಳಿಗೇ ಇಂಗ್ಲಿಷ್ ಭಯವೇ ಅಂತ ಮೂಗು ಮುರಿಯಬೇಡಿ. ಓದುವುದರಲ್ಲಿ, ಬರೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಶಾಲೆಯಲ್ಲಿ ಇರಲಿಲ್ಲ. ವ್ಯಾಕರಣವನ್ನು ಅರೆದು ಕುಡಿದಿದ್ದಳು. ಎಂಥ ಸುತ್ತಿ ಬಳಸಿದ ವಾಕ್ಯ ಕೊಟ್ಟರೂ ಮೀನಿನ ಮುಳ್ಳು ಬಿಡಿಸಿದ ಹಾಗೆ ಒಂದೊಂದೇ ಎಳೆದು ಕರಿಹಲಗೆಯ ಮೇಲೆ ಇಡುತ್ತಿದ್ದಳು. ಪುಸ್ತಕ ಕೈಯಲ್ಲಿದ್ದರೆ ಮಿಸ್ಸು ಹುಲಿ. ಪುಸ್ತಕ ಮುಚ್ಚಿ, ಎದುರಿಗೊಬ್ಬ ಮನುಷ್ಯನನ್ನು ನಿಲ್ಲಿಸಿ, ಹೂಂ ಮಾತಾಡು ಅಂದರೆ ಮುಗೀತು ಕಥೆ. ಮೊದಲು ಅಂಗೈ ಬೆವರೋದು. ಆಮೇಲೆ ಕಿವಿ ಬಿಸಿಯಾಗೋದು. ಆಮೇಲೆ ನಾಲಿಗೆ ಹೋಗಿ ಅಂಗುಳಕ್ಕೆ ಅಂಟಿಕೊಂಡು, ಏನು ಮಾಡಿದರೂ ಏಳಲ್ಲ ಅಂತ ಹಟ ಹಿಡಿದು ಕೂರೋದು. ತಲೆಯೊಳಗೆ ವಾಕ್ಯ ತಯಾರಾಗಿಯೇ ಇರುತ್ತಿತ್ತು, ಅದರಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಹೊರಗೆ ಮಾತ್ರ ಬರುತ್ತಿರಲಿಲ್ಲ.

ಈ ಭಯ ಎಲ್ಲಿಂದ ಬಂತು ಅಂದರೆ ಅವಳಿಗೂ ಗೊತ್ತಿಲ್ಲ. ಅವಳಿಗೆ ಕಲಿಸಿದವರೂ ಹಾಗೇ ಕಲಿಸಿದ್ದರು, ಅವರಿಗೆ ಕಲಿಸಿದವರೂ ಹಾಗೇ. ಪರೀಕ್ಷೆ ಬರೆದಳು, ಪಾಸಾದಳು, ಕೆಲಸ ಸಿಕ್ಕಿತು. ಬಾಯಿ ತೆಗೆದು ಒಂದು ಮಾತಾಡಮ್ಮ ಅಂತ ಯಾವ ಪುಣ್ಯಾತ್ಮನೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ಕೇಳಿಬಿಟ್ಟಾರು ಅನ್ನುವ ದಿಗಿಲು ಶುರುವಾಯಿತು. ಅದು ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ.

ಒಮ್ಮೆ ರಸ್ತೆಯಲ್ಲಿ ಹೊರದೇಶದ ಗಂಡ ಹೆಂಡತಿ ಇಬ್ಬರು ಬಂದು ಇವಳ ಹತ್ತಿರ ಏನೋ ದಾರಿ ಕೇಳಿದರು. ಮಿಸ್ಸು ಏನು ಮಾಡಿದಳು ಗೊತ್ತಾ? ಕಿವಿಯ ಮೇಲೆ ಕೈ ಇಟ್ಟು, ಬಾಯಿಯ ಮುಂದೆ ಕೈ ಆಡಿಸಿ, ತಾನು ಕಿವುಡಿ ಮೂಗಿ ಅಂತ ತೋರಿಸಿಬಿಟ್ಟಳು! ಪಕ್ಕದ ಹಣ್ಣಿನಂಗಡಿಯವನು ‘ಅಯ್ಯೋ ಪಾಪ, ನೋಡೋಕೆ ಲಕ್ಷಣವಾಗಿದಾರೆ’ ಅಂತ ಲೊಚಗುಟ್ಟಿದ. ಅವತ್ತಿನಿಂದ ಮಿಸ್ಸು ಆ ಬೀದಿಯಲ್ಲಿ ಹಣ್ಣು ಕೊಳ್ಳುವುದನ್ನೇ ಬಿಟ್ಟಳು.

ಶಾಲೆಯಲ್ಲೂ ಇದೇ ಪಾಡು. ಸ್ಟಾಫ್ ರೂಮಿನಲ್ಲಿ ಹೊಸ ಟೀಚರು ಯಾರಾದರೂ ಇಂಗ್ಲಿಷಿನಲ್ಲಿ ಮಾತು ತೆಗೆದರೆ ಇವಳಿಗೆ ಕೆಮ್ಮು ಬರುತ್ತಿತ್ತು. ಕ್ಲಾಸಿನಲ್ಲಿ ಮಾತ್ರ ಮಿಸ್ಸಿನದೇ ರಾಜ್ಯ. ಪಾಠ ಓದುವುದು, ಅರ್ಥವನ್ನು ಮನೆಮಾತಿನಲ್ಲಿ ಹೇಳುವುದು, ಪ್ರಶ್ನೆ ಉತ್ತರ ಬರೆಸುವುದು, ಗಂಟೆ ಹೊಡೆಯುವುದು. ಸೂಜಿ ಬಿದ್ದರೂ ಕೇಳಿಸುವಂಥ ಮೌನ. ‘ಶಿಸ್ತು ಅಂದ್ರೆ ಆ ಮಿಸ್ಸಿಂದು’ ಅಂತ ಅಪ್ಪ ಅಮ್ಮಂದಿರು ಹೊಗಳಿದ್ದೇ ಹೊಗಳಿದ್ದು. ವರ್ಷವರ್ಷ ಎಲ್ಲರೂ ಪಾಸಾಗುತ್ತಿದ್ದರು. ಇನ್ನೇನು ಬೇಕು?

ಹೀಗೇ ದಿನ ನೂಕಿ, ತಲೆಗೂದಲು ಅರ್ಧ ಬೆಳ್ಳಗಾಗಿ, ಇನ್ನು ಕೆಲವು ವರ್ಷ ಹೀಗೇ ತಳ್ಳಿದರೆ ಗುಟ್ಟು ತನ್ನ ಜೊತೆಗೇ ನಿವೃತ್ತಿಯಾಗುತ್ತೆ ಅಂದುಕೊಂಡಿದ್ದಳು ಮಿಸ್ಸು. ಆಗ ಹೊಸ ಹೆಡ್ ಮಾಸ್ಟರು ಬಂದರು.

ಮನುಷ್ಯ ಒಳ್ಳೆಯವರೇ. ಒಳ್ಳೆಯವರಿಂದಲೇ ಅಲ್ಲವೇ ಇಂಥ ತೊಂದರೆ ಆಗೋದು? ಒಂದು ಮಧ್ಯಾಹ್ನ ಇವಳನ್ನು ಕರೆದು, ಕುರ್ಚಿ ತೋರಿಸಿ, ಮುಖವೆಲ್ಲ ಹಲ್ಲು ಮಾಡಿಕೊಂಡು ಹೇಳಿದರು. ‘ಮೇಡಂ, ನಿಮಗೊಂದು ಸಿಹಿ ಸುದ್ದಿ. ಸುತ್ತಮುತ್ತಲ ಶಾಲೆಗಳ ಇಂಗ್ಲಿಷ್ ಟೀಚರುಗಳನ್ನೆಲ್ಲ ನಮ್ಮಲ್ಲಿಗೆ ಕರೀತಾ ಇದೀವಿ. ಊರಲ್ಲಿ ಇಂಗ್ಲಿಷ್ ಕಲೀತಿರೋ ದೊಡ್ಡವರನ್ನೂ ಕರೀತೀವಿ. ಕಲಿಸೋರು, ಕಲಿಯೋರು ಒಂದೇ ಕಡೆ ಕೂತು ಮಾತಾಡಬೇಕು. ಒಂದು ಕೂಟ ಕಟ್ಟಬೇಕು ಅಂತ ಆಸೆ. ಮೊದಲನೇ ದಿನದ ಮಾತು ನಿಮ್ಮದೇ. ನಿಮಗಿಂತ ಹಿರಿಯರು ಯಾರಿದಾರೆ ಹೇಳಿ?’

‘ಬರೆದುಕೊಂಡು ಬಂದು ಓದ್ತೀನಿ ಸಾರ್’ ಅಂದಳು ಮಿಸ್ಸು. ಅಂಗೈ ಆಗಲೇ ಒದ್ದೆಯಾಗಿತ್ತು.

‘ಅಯ್ಯೋ, ಓದೋದು ಬೇಡ ಮೇಡಂ! ಹಾಗೇ ಮಾತುಕತೆ ಥರ ಇರಲಿ. ಅವರು ಕೇಳ್ತಾರೆ, ನೀವು ಹೇಳ್ತೀರಿ. ನಿಮಗೆ ಅದೇನು ಮಹಾ?’

ಮಿಸ್ಸು ತಲೆಯಾಡಿಸಿ ಎದ್ದಳು. ಮನೆಗೆ ಬಂದು ಚೀಲ ಎಸೆದು, ಕಾಲೂ ತೊಳೆಯದೆ ಕುರ್ಚಿಯಲ್ಲಿ ಕುಸಿದಳು. ಅವಳ ಗಂಡನಿಗೆ ಕನ್ನಡಕದ ಅಂಗಡಿ. ಆಗ ತಾನೇ ಬಾಗಿಲು ಹಾಕಿಕೊಂಡು ಬಂದಿದ್ದ.

‘ರೀ, ನಾನು ಕೆಲಸ ಬಿಡ್ತೀನಿ.’

‘ಬಿಡು. ಬಂದು ನನ್ನ ಅಂಗಡೀಲಿ ಗಾಜು ಒರೆಸು.’

‘ತಮಾಷೆ ಮಾಡಬೇಡಿ. ಅಷ್ಟು ಜನದ ಮುಂದೆ ನನ್ನ ಬಾಯಿ ಕಟ್ಟಿ ಹೋದ್ರೆ? ಮಾರನೇ ದಿನ ಯಾವ ಮುಖ ಇಟ್ಕೊಂಡು ಕ್ಲಾಸಿಗೆ ಹೋಗಲಿ? ಇಷ್ಟು ವರ್ಷ ಈಕೆ ಏನು ಕಲಿಸಿದ್ಲು ಅಂತ ಕೇಳಲ್ವಾ ಜನ?’

ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಕರಿಹಲಗೆಯ ಮುಂದೆ ನಿಲ್ಲುವುದು ಬಿಟ್ಟರೆ ಆ ಹೆಂಗಸಿಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಸೀಮೆಸುಣ್ಣ ಹಿಡಿದರೆ ಮಾತ್ರ ತಾನು ಯಾರೋ ಒಬ್ಬಳು ಅನ್ನಿಸುತ್ತಿತ್ತು. ಅದು ಹೋಗುತ್ತೆ ಅನ್ನುವುದೇ ಅವಳ ಭಯ, ಇಂಗ್ಲಿಷು ಬರೀ ನೆಪ. ಗಂಡ ತಮಾಷೆ ನಿಲ್ಲಿಸಿ ಹತ್ತಿರ ಬಂದು ಕೂತ.

‘ನೋಡೇ, ನನ್ನ ಅಂಗಡಿಗೆ ದೊಡ್ಡಾಸ್ಪತ್ರೆ ನರ್ಸ್ ಒಬ್ರು ಬರ್ತಾರೆ. ಆಸ್ಪತ್ರೆ ಹಿಂದೆ, ಬಟ್ಟೆ ಒಗೆಯೋ ಕಟ್ಟಡದ ಮೇಲೆ, ಒಂದು ರೂಮಲ್ಲಿ ಸಂಜೆ ಹೊತ್ತು ಜನ ಸೇರಿ ಇಂಗ್ಲಿಷ್ ಮಾತಾಡ್ತಾರಂತೆ. ಎಲ್ಲಾ ಕೂಲಿನಾಲಿ ಮಾಡೋರು. ಊರಿನ ಆ ತುದಿ. ನಿನ್ನ ಗುರುತು ಯಾರಿಗೂ ಸಿಗಲ್ಲ. ಹೋಗಿ ನಾಲಿಗೆ ಸಡಿಲ ಮಾಡ್ಕೊಂಡು ಬಾ.’

ಮಿಸ್ಸು ಹೋದಳು. ಹೋದಳು ಅಂದರೆ, ಎರಡು ಸಲ ಆ ಕಟ್ಟಡದ ಬಾಗಿಲವರೆಗೆ ಹೋಗಿ ವಾಪಸ್ ಬಂದಳು, ಮೂರನೇ ಸಲ ಹತ್ತಿದಳು. ಕೆಳಗೆ ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಿದ್ದವು. ಮೇಲಿನ ಕೋಣೆಯಲ್ಲಿ ಸೋಪಿನ ವಾಸನೆ, ಕಾಲು ಅಲ್ಲಾಡುವ ಬೆಂಚುಗಳು, ಮೂಲೆಯಲ್ಲೊಂದು ಕರೆಂಟ್ ಕೆಟಲ್. ಚಪ್ಪಲಿಗಳೆಲ್ಲ ಬಾಗಿಲ ಹೊರಗೆ. ಒಳಗಿದ್ದವರು ನರ್ಸಕ್ಕ, ರೋಗಿಗಳಿಗೆ ಊಟ ಬೇಯಿಸುವ ಅಡುಗೆಯಮ್ಮ, ಲಿಫ್ಟ್ ರಿಪೇರಿಯವನು, ಹೀಗೆ ಬೆರಳೆಣಿಕೆಯ ಜನ.

‘ಬನ್ನಿ ಬನ್ನಿ’ ಅಂದಳು ನರ್ಸಕ್ಕ. ಗಟ್ಟಿ ಗಂಟಲಿನ, ಗಟ್ಟಿ ತೋಳಿನ ಹೆಂಗಸು. ‘ಇಲ್ಲಿ ಒಂದೇ ಕಾನೂನು. ಕೆಟಲ್ ಹಾಕ್ತೀವಿ. ನೀರು ಕುದಿದು ಟಕ್ ಅನ್ನೋವರೆಗೆ ಒಬ್ಬರು ಇಂಗ್ಲಿಷಲ್ಲಿ ಮಾತಾಡಬೇಕು. ತಪ್ಪಾದ್ರೂ ಆಗಲಿ, ಯಾರೂ ತಿದ್ದಂಗಿಲ್ಲ, ನಗಂಗಿಲ್ಲ. ಆಮೇಲೆ ಟೀ. ಇನ್ನೊಂದು ವಿಷಯ, ಇಲ್ಲಿ ಟೀಚರುಗಳು ಯಾರೂ ಇಲ್ಲ. ಟೀಚರ್ ಇದ್ರೆ ನಾವು ಬಾಯಿ ಬಿಡಲ್ಲ. ನೀವೇನು ಕೆಲಸ ಮಾಡೋದು?’

‘ಟೈಲರು’ ಅಂದಳು ಮಿಸ್ಸು. ಯಾಕೆ ಹಾಗಂದಳೋ! ಗುಂಡಿ ಹೊಲಿಯೋಕೂ ಬರುತ್ತಿರಲಿಲ್ಲ ಅವಳಿಗೆ.

ಅವತ್ತು ಅವಳ ಸರದಿ ಬಂದಾಗ ಕೆಟಲ್ಲಿಗೆ ನೀರು ತುಂಬಿದವನು ಲಿಫ್ಟಿನವನು. ಪಾಪಿ, ಕಂಠಮಟ್ಟ ತುಂಬಿದ್ದ. ಮಿಸ್ಸು ಎದ್ದು ನಿಂತಳು. ‘ಟುಡೇ ಈಸ್ ವೆರಿ ಹಾಟ್’ ಅಂದಳು. ಅಷ್ಟೇ. ನೀರು ಸುಂಯ್ ಅನ್ನುತ್ತಿತ್ತು. ಇವಳು ಅಂಗೈ ಒರೆಸಿಕೊಂಡಳು, ಕಿಟಕಿ ನೋಡಿದಳು, ಕೆಟಲ್ ನೋಡಿದಳು. ಆ ನೀರು ಕುದಿಯುವಷ್ಟರಲ್ಲಿ ಅವಳ ಆಯುಸ್ಸಿನಲ್ಲಿ ಒಂದಷ್ಟು ಕರಗಿಹೋಯಿತು. ಕಡೆಗೂ ಟಕ್ ಅಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಪರವಾಗಿಲ್ಲ, ಮೊದಲನೇ ದಿನ ನಾನು ಅಷ್ಟೂ ಹೇಳಿರಲಿಲ್ಲ’ ಅಂತ ಅಡುಗೆಯಮ್ಮ ಅವಳ ಕೈಗೆ ಟೀ ಕೊಟ್ಟಳು.

ಒಂದು ಸುಳ್ಳಿಗೆ ನೂರು ಸುಳ್ಳು ಅಂತಾರಲ್ಲ. ಮುಂದಿನ ಸಲ ಅಡುಗೆಯಮ್ಮ ಮಗಳ ಫ್ರಾಕಿಗೆ ಬಟ್ಟೆ ತಂದುಕೊಟ್ಟಳು, ‘ನಮ್ಮವರೇ ಟೈಲರ್ ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗಲಿ’ ಅಂತ. ಮಿಸ್ಸು ಕದ್ದುಮುಚ್ಚಿ ಬೇರೆ ಬೀದಿಯ ಟೈಲರನ ಹತ್ತಿರ ಹೊಲಿಸಿ ತಂದಳು. ಅಡುಗೆಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ತೋಳು ಒಂಚೂರು ಬಿಗಿ ಆಯ್ತು, ನಿಮಗಿನ್ನೂ ಕೈ ಕೂತಿಲ್ಲ ಅನ್ಸುತ್ತೆ’ ಅಂದಳು. ಮಿಸ್ಸು ತಲೆ ತಗ್ಗಿಸಿ ಹೌದೌದು ಅಂದಳು.

ಆದರೆ ನಾಲಿಗೆ ಸಡಿಲವಾಯಿತು, ಅದು ಮಾತ್ರ ನಿಜ. ಒಂದು ಸಂಜೆ, ಕನ್ನಡಕದ ಅಂಗಡಿ ಇಟ್ಟಿರುವ ತನ್ನ ಗಂಡನೇ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ತೊದಲಿದಳು, ನಿಂತಳು, ಮತ್ತೆ ಹೇಳಿದಳು. ಲಿಫ್ಟಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳನ್ನು ನೋಡಿ ನಕ್ಕಿದ್ದಲ್ಲ, ಅವಳ ಮಾತು ಅರ್ಥವಾಗಿ ನಕ್ಕಿದ್ದು. ಕೆಟಲ್ ಟಕ್ ಅಂದಿದ್ದು ಅವಳಿಗೆ ಕೇಳಿಸಲೇ ಇಲ್ಲ. ಮನೆಗೆ ನಡೆದುಕೊಂಡು ಬರುವಾಗ ಖುಷಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಸಭೆಯ ದಿನ ನೆನಪಾಯಿತು, ಉಳಿದ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದಳು.

ಅದರ ಮುಂದಿನ ವಾರ ನರ್ಸಕ್ಕ ಎಲ್ಲರನ್ನೂ ಕೂರಿಸಿ ಕೈ ತಟ್ಟಿ ಹೇಳಿದಳು. ‘ಒಂದು ವಿಷಯ ಇದೆ. ಊರಿನ ದೊಡ್ಡ ಶಾಲೆಯಲ್ಲಿ ಇಂಗ್ಲಿಷ್ ಟೀಚರುಗಳ ಸಭೆ ಅಂತೆ. ಕಲಿಯೋರೂ ಬರಬೇಕು ಅಂತ ಅಲ್ಲಿನ ಹೆಡ್ ಮಾಸ್ಟರು ಹೇಳಿ ಕಳಿಸಿದಾರೆ. ಅಲ್ಲಿ ಯಾರೋ ಹಿರಿ ಮಿಸ್ಸು ಮಾತಾಡ್ತಾರಂತೆ, ಭಾರೀ ಶಿಸ್ತಂತೆ. ನಾವೆಲ್ಲ ಹೋಗೋಣ. ಟೈಲರಮ್ಮ, ನೀವೂ ಬರಬೇಕು.’

ಮಿಸ್ಸಿನ ಕೈಯಲ್ಲಿದ್ದ ಟೀ ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡಳು. ಭೂಮಿ ಬಾಯಿ ಬಿಡಲಿಲ್ಲ, ಕೋಣೆಯ ಬಾಗಿಲು ತೆರೆದುಕೊಂಡಿತು.

ಹೊಸಬ ಒಬ್ಬ ಬಂದ. ಆಳೆತ್ತರದ ಗಂಡಸು, ದಪ್ಪ ಮೀಸೆ, ಕೈಯಲ್ಲಿ ಹಳದಿ ಹೆಲ್ಮೆಟ್ಟು. ‘ಕಟ್ಟಡದ ಕೆಲಸದಲ್ಲಿ ಕ್ರೇನ್ ಓಡಿಸ್ತಾರೆ, ನಾನೇ ಬರೋಕೆ ಹೇಳಿದ್ದೆ’ ಅಂದಳು ನರ್ಸಕ್ಕ. ಅವನು ಎಲ್ಲರಿಗೂ ತಲೆ ಬಗ್ಗಿಸುತ್ತ ಬಂದು ಬೆಂಚಿನ ತುದಿಯಲ್ಲಿ ಕೂತ. ಕೂತವನು ಎದುರಿಗೆ ನೋಡಿದ. ನೋಡಿದವನು ಚೇಳು ಕುಟುಕಿದ ಹಾಗೆ ಎದ್ದು ನಿಂತ. ಹೆಲ್ಮೆಟ್ಟು ಕೆಳಗೆ ಬಿತ್ತು. ಎರಡೂ ಕೈ ಮೈಗೆ ಅಂಟಿಸಿ, ಗದ್ದ ಎತ್ತಿ, ಮಕ್ಕಳು ಹಾಡುವ ರಾಗದಲ್ಲೇ ಅಷ್ಟು ದೊಡ್ಡ ಗಂಡಸು ಕೂಗಿದ, ‘ಗುಡ್ ಈವನಿಂಗ್ ಮಿಸ್!’

ಕೂರಲಿಲ್ಲ. ಹಾಗೇ ನಿಂತ. ಟೀಚರು ಹೇಳದೆ ಕೂರಬಾರದು ಅಂತ ಯಾರೋ ಕಲಿಸಿದ್ದರಲ್ಲ ಅವನಿಗೆ. ಯಾರು ಅಂತ ಬೇರೆ ಹೇಳಬೇಕೇ?

ಮಿಸ್ಸು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನಗೆ ನೀವು ಯಾರೋ ಗೊತ್ತಿಲ್ಲಪ್ಪ ಅಂದಿದ್ದರೂ ಆಗುತ್ತಿತ್ತು. ಆದರೆ ಅಷ್ಟು ವರ್ಷದ ಅಭ್ಯಾಸ, ಯೋಚನೆಗಿಂತ ಮುಂಚೆ ನಾಲಿಗೆಗೆ ಬಂತು. ಕ್ಲಾಸಿನ ಅದೇ ಗಡಸು ದನಿಯಲ್ಲಿ, ‘ಸಿಟ್ ಡೌನ್’ ಅಂದುಬಿಟ್ಟಳು.

ಅವನು ಕೂತ. ಅವನ ಜೊತೆ, ಕೆಟಲ್ಲಿನ ಹತ್ತಿರ ನಿಂತಿದ್ದ ಲಿಫ್ಟಿನವನೂ ಕೂತ. ಬಿಸ್ಕತ್ತು ಹಂಚುತ್ತಿದ್ದ ಅಡುಗೆಯಮ್ಮನೂ ಕೂತಳು. ನಿಂತಿದ್ದ ನರ್ಸಕ್ಕ ಸೊಂಟದ ಮೇಲೆ ಕೈಯಿಟ್ಟು ಮಿಸ್ಸನ್ನೇ ನೋಡಿದಳು. ಕೆಳಗಿನ ಯಂತ್ರಗಳೂ ಅದೇ ಹೊತ್ತಿಗೆ ನಿಲ್ಲಬೇಕೇ! ಅಂಥ ಮೌನ ಅವಳ ಕ್ಲಾಸಿನಲ್ಲೂ ಇರಲಿಲ್ಲ.

‘ನೀವು... ಟೀಚರ್ರಾ?’ ಅಂದಳು ಅಡುಗೆಯಮ್ಮ ಮೆಲ್ಲಗೆ.

ಮಿಸ್ಸು ಓಡಿದಳು. ಐವತ್ತು ದಾಟಿದ ಹೆಂಗಸು, ಚೀಲ ಎದೆಗೆ ಒತ್ತಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಬೀದಿಯ ತಿರುವು ಬರುವವರೆಗೆ ಓಡಿದಳು. ಮನೆಗೆ ಬಂದು ನೋಡಿಕೊಂಡರೆ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಇನ್ಯಾರದೋ.

ಆಮೇಲಿನ ದಿನಗಳನ್ನು ಏನು ಹೇಳಲಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಸ್ಸಿನಲ್ಲಿ ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕರು ಅನ್ನಿಸೋದು. ಹೆಡ್ ಮಾಸ್ಟರು ಕೆಮ್ಮಿದರೆ ಏನೋ ತಿಳಿದೇ ಕೆಮ್ಮಿದರು ಅನ್ನಿಸೋದು. ಇಂಗ್ಲಿಷ್ ಮಿಸ್ಸು ಅಡುಗೆಯವರ ಜೊತೆ ಕೂತು ಇಂಗ್ಲಿಷ್ ಕಲೀತಿದಾಳೆ, ಅದೂ ಟೈಲರು ಅಂತ ಸುಳ್ಳು ಹೇಳಿ! ಈ ಮಾತು ಊರೆಲ್ಲ ಸುತ್ತಲು ಎಷ್ಟು ಹೊತ್ತು ಬೇಕು? ಅನ್ನ ಸೇರಲಿಲ್ಲ. ಕ್ಲಾಸಿನಲ್ಲಿ ಸೀಮೆಸುಣ್ಣ ಎರಡು ಸಲ ಕೈಜಾರಿತು, ಮಕ್ಕಳು ಮುಖ ಮುಖ ನೋಡಿಕೊಂಡರು. ಕಡೆಗೆ ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಓಡಾಡತೊಡಗಿದಳು. ದನಿ ಹೋಗಿದೆ, ಸಭೆಯಲ್ಲಿ ಮಾತಾಡೋಕಾಗಲ್ಲ ಅಂತ ಹೇಳುವ ಉಪಾಯ.

‘ಈ ಸೆಕೆಗೆ ಮಫ್ಲರ್ ಸುತ್ಕೊಂಡ್ರೆ ದನಿ ಅಲ್ಲ, ಜೀವ ಹೋಗುತ್ತೆ’ ಅಂದ ಗಂಡ.

ಸಭೆಗೆ ಮುಂಚಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಮಿಸ್ಸು ಕಿಟಕಿಯ ಸಂದಿಯಲ್ಲಿ ಇಣುಕಿದಳು. ಕ್ರೇನಿನವನು! ಕೈಯಲ್ಲೊಂದು ಒಂಟಿ ಚಪ್ಪಲಿ.

‘ನಾನು ಮನೇಲಿಲ್ಲ ಅನ್ನಿ’ ಅಂತ ಪಿಸುಗುಟ್ಟಿ ಅಡುಗೆಮನೆಗೆ ಓಡಿ ಪರದೆ ಎಳೆದುಕೊಂಡಳು.

‘ಸಾರ್, ಮಿಸ್ ಇದಾರಾ? ಚಪ್ಪಲಿ ಅದಲುಬದಲಾಗಿತ್ತು. ನರ್ಸಕ್ಕ ನಿಮ್ಮ ಅಂಗಡಿ ಗುರುತು ಹೇಳಿದ್ರು, ಅಲ್ಲಿ ಕೇಳ್ಕೊಂಡು ಬಂದೆ.’

‘ಮನೇಲಿಲ್ಲ’ ಅಂದ ಗಂಡ. ‘ಕೂತ್ಕೊಳಿ.’

ಯಾಕೆ ಕೂರಿಸಬೇಕಿತ್ತು ಈ ಮನುಷ್ಯ ಅಂತ ಪರದೆಯ ಹಿಂದೆ ಮಿಸ್ಸು ಹಲ್ಲು ಕಡಿದಳು.

‘ಮಿಸ್ ನನ್ನಿಂದ ಬೇಜಾರಾಗಿ ಹೋದ್ರು ಅನ್ಸುತ್ತೆ ಸಾರ್’ ಅಂದ ಕ್ರೇನಿನವನು. ಕುರ್ಚಿಯ ತುದಿಯಲ್ಲಿ ಕೂತಿದ್ದ. ‘ನಾನು ಬೇಕು ಅಂತ ಮಾಡಿದ್ದಲ್ಲ. ನೋಡಿದ ಕೂಡ್ಲೇ ಕಾಲು ತಾನಾಗೇ ನಿಂತ್ಕೊಂಡ್ತು. ಈಗಲೂ ಭಯ ನನಗೆ.’

‘ನೀವು ಇಂಗ್ಲಿಷ್ ಕಲಿಯೋಕೆ ಯಾಕೆ ಬಂದ್ರಿ?’ ಅಂದ ಗಂಡ.

ಕ್ರೇನಿನವನು ಚಪ್ಪಲಿಯನ್ನು ಕೆಳಗಿಟ್ಟ.

‘ನಮ್ಮ ಸೈಟಲ್ಲಿ ಮೇಲ್ವಿಚಾರಕರು ಹೊರದೇಶದವರು ಸಾರ್. ನಾನು ಮೇಲೆ ಕ್ಯಾಬಿನ್ನಲ್ಲಿ ಇರ್ತೀನಿ, ಅವರು ಕೆಳಗಿಂದ ವಾಕಿಟಾಕೀಲಿ ಇಂಗ್ಲಿಷಲ್ಲಿ ಹೇಳ್ತಾರೆ. ಮೇಲೆತ್ತು, ಇಳಿಸು, ನಿಲ್ಲಿಸು, ಇಷ್ಟು ಗೊತ್ತು. ಅವತ್ತು ಬೇರೆ ಏನೋ ಉದ್ದಕ್ಕೆ ಹೇಳಿದ್ರು. ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳಿ ಅಂತ ಕೇಳಬೇಕಿತ್ತು. ಬಾಯಿ ಬರಲಿಲ್ಲ ಸಾರ್. ಓಕೆ ಅಂದೆ. ಓಕೆ ಓಕೆ ಅಂದು ಕಬ್ಬಿಣದ ಕಟ್ಟು ಇಳಿಸಿದೆ. ಕೆಳಗೆ ನಮ್ಮವನೊಬ್ಬ ಬಗ್ಗಿ ಏನೋ ಎತ್ಕೋತಿದ್ದ. ಅವನು ಪಕ್ಕಕ್ಕೆ ಸರಿಯೋವರೆಗೆ ತಡಿ ಅಂತಲೇ ಅವರು ಹೇಳಿದ್ದಂತೆ. ಕಾಲಿನ ಮೂಳೆ ಪುಡಿಯಾಯ್ತು. ಜೀವ ಉಳೀತು, ಅದೇ ಪುಣ್ಯ. ಅವನನ್ನ ನೋಡೋಕೆ ಆಸ್ಪತ್ರೆಗೆ ಹೋಗ್ತೀನಲ್ಲ, ಅಲ್ಲೇ ನರ್ಸಕ್ಕ ಸಿಕ್ಕಿದ್ದು.’

ಪರದೆಯ ಹಿಂದೆ ಮಿಸ್ಸು ಮಫ್ಲರಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

‘ಕೇಳೋಕೆ ಏನು ಭಯ ನಿಮಗೆ?’ ಅಂದ ಗಂಡ.

‘ಮಿಸ್ ಕ್ಲಾಸಲ್ಲಿ ಅರ್ಥ ಆಗಲಿಲ್ಲ ಇನ್ನೊಂದ್ಸಲ ಹೇಳಿ ಅಂದ್ರೆ ಬೆಂಚ್ ಮೇಲೆ ಹತ್ತಿಸಿ ನಿಲ್ಲಿಸ್ತಿದ್ರು ಸಾರ್. ನಾನು ಒಂದೇ ಸಲ ಕೇಳಿದ್ದು. ಗಂಟೆ ಹೊಡೆಯೋವರೆಗೂ ನಿಂತಿದ್ದೆ. ಆಮೇಲೆ ಜನ್ಮದಲ್ಲಿ ಯಾರನ್ನೂ ಕೇಳಿಲ್ಲ. ತಪ್ಪು ಅವರದಲ್ಲ ಬಿಡಿ. ಅವರಿಗೆ ಎಲ್ಲಾ ಗೊತ್ತು, ನನಗೇ ತಲೆ ಇಲ್ಲ ಅಂದ್ಕೊಂಡಿದ್ದೆ. ಮೊನ್ನೆ ನೋಡಿದ್ರೆ ಅವರೂ ಕಲಿಯೋರ ಬೆಂಚಲ್ಲೇ ಕೂತಿದ್ರು.’ ದನಿ ತಗ್ಗಿಸಿದ. ‘ಸಾರ್, ಮಿಸ್ಸಿಗೂ ಭಯಾನಾ?’

ಗಂಡ ಪರದೆಯ ಕಡೆ ನೋಡಿದ. ಕನ್ನಡಕ ತೆಗೆದು ಒರೆಸಿದ.

‘ಅವಳು ಮನೇಲಿಲ್ಲ’ ಅಂದ. ‘ಇದ್ದಿದ್ರೆ ಹೌದು ಅಂತಿದ್ಲು.’

ಅವನು ಎದ್ದು ಹೋದ ಮೇಲೂ ಮಿಸ್ಸು ಹೊರಗೆ ಬರಲಿಲ್ಲ. ಒಲೆಯ ಪಕ್ಕ ನೆಲದ ಮೇಲೇ ಕೂತಿದ್ದಳು. ಆ ಹುಡುಗ ಅವತ್ತು ಏನು ಕೇಳಿದ್ದ ಅನ್ನುವುದು ಅವಳಿಗೆ ನೆನಪಿಲ್ಲ. ಯಾಕೆ ಬೆಂಚು ಹತ್ತಿಸುತ್ತಿದ್ದಳು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಇನ್ನೊಂದ್ಸಲ ಹೇಳಿ ಅಂದರೆ ಪುಸ್ತಕ ಬಿಟ್ಟು, ಬೇರೆ ಮಾತಿನಲ್ಲಿ, ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಅದು ಬರುತ್ತಿರಲಿಲ್ಲ. ಕೇಳುವವನನ್ನು ಎತ್ತರಕ್ಕೆ ನಿಲ್ಲಿಸಿದರೆ ಉಳಿದವರು ಕೇಳುವುದಿಲ್ಲ. ಶಿಸ್ತು ಅಂತ ಊರು ಹೊಗಳಿದ್ದು ಇದನ್ನೇ.

ಇಷ್ಟು ದಿನ ತನ್ನ ಭಯ ತನ್ನೊಬ್ಬಳದು ಅಂದುಕೊಂಡಿದ್ದಳು. ಅದನ್ನು ವರ್ಷವರ್ಷ ಕ್ಲಾಸಿಗೆ ಕ್ಲಾಸೇ ಹಂಚಿ ಕಳಿಸಿದ್ದೇನೆ ಅನ್ನುವುದು ಆಗ ಹೊಳೆಯಿತು. ಎಲ್ಲೆಲ್ಲಿದ್ದಾರೋ ಅವರೆಲ್ಲ. ಯಾವ ಯಂತ್ರದ ಮುಂದೆ, ಯಾವ ಡಾಕ್ಟರ ಮುಂದೆ, ಯಾವ ಸಾಹೇಬರ ಮುಂದೆ ನಿಂತು ಅರ್ಥವಾಗದೆ ಓಕೆ ಓಕೆ ಅನ್ನುತ್ತಿದ್ದಾರೋ. ಆ ಸಂಜೆ ಅವಳಿಗೆ ಆದ ಹೆದರಿಕೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಬೆಳಿಗ್ಗೆ ಎದ್ದು ಮಫ್ಲರನ್ನು ಮಡಿಸಿಟ್ಟಳು. ‘ದನಿ ವಾಪಸ್ ಬಂತಾ?’ ಅಂದ ಗಂಡ. ತಿಂಡಿಯನ್ನೂ ತಿನ್ನದೆ ಹೊರಟಳು.

ಶಾಲೆಯ ದೊಡ್ಡ ಹಾಲ್ ಜನರಿಂದ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಟೀಚರುಗಳು, ಇಸ್ತ್ರಿ ಮುರಿಯದ ಬಟ್ಟೆ, ಬಿಗಿದ ಮುಖ. ಕಡೆಯ ಸಾಲಿನಲ್ಲಿ ನರ್ಸಕ್ಕ, ಅಡುಗೆಯಮ್ಮ, ಲಿಫ್ಟಿನವನು. ಅವರ ಪಕ್ಕ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ ಕ್ರೇನಿನವನು. ಹೆಡ್ ಮಾಸ್ಟರು ಇವಳನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿ ಮೈಕು ಕೊಟ್ಟರು. ಅದರಲ್ಲಿ ಮೊದಲು ಕೇಳಿಸಿದ್ದು ಅವಳ ಉಸಿರು.

ಮಾತಾಡಿದಳು. ಏನೋ ಮಹಾ ಭಾಷಣವಲ್ಲ. ಸಣ್ಣ ಸಣ್ಣ ವಾಕ್ಯ, ನಡುವೆ ದೊಡ್ಡ ದೊಡ್ಡ ಬಿಡುವು. ಮಕ್ಕಳಿಗೆ ಓದು ಕಲಿಸುವುದು ಹೇಗೆ ಅಂತ ತನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಮೇಜಿಗೆ ಒರಗಿ ನಿಂತಿದ್ದಳು. ಇನ್ನೇನು ದಡ ಸೇರಿದೆ ಅನ್ನುವಷ್ಟರಲ್ಲಿ ಎರಡನೇ ಸಾಲಿನಿಂದ ಒಂದು ಕೈ ಮೇಲೆದ್ದಿತು.

ದೊಡ್ಡ ಖಾಸಗಿ ಶಾಲೆಯ ಟೀಚರು, ಚಿಕ್ಕ ವಯಸ್ಸು, ಕೊರಳಲ್ಲಿ ಟೈ. ಎದ್ದು ನಿಂತು, ಉಸಿರೂ ಬಿಡದೆ, ಸರಸರ ಅಂತ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದ. ಉದ್ದ ಅಂದರೆ ಉದ್ದ. ಮಿಸ್ಸಿಗೆ ಅದರಲ್ಲಿ ‘ಮೇಡಂ’ ಅನ್ನುವುದೊಂದು ಬಿಟ್ಟರೆ ಬೇರೆ ಏನೂ ತಿಳಿಯಲಿಲ್ಲ.

ಹಾಲಿನ ಅಷ್ಟೂ ಕಣ್ಣು ಅವಳ ಮೇಲೆ. ಅಂಗೈ ಬೆವರಿತು. ಕಿವಿ ಬಿಸಿಯಾಯಿತು. ಕೆಮ್ಮು ಗಂಟಲವರೆಗೆ ಬಂತು. ‘ವೆರಿ ಗುಡ್ ಕ್ವೆಶ್ಚನ್’ ಅಂದು ನಕ್ಕು, ತಲೆಯಾಡಿಸಿ, ಮುಂದೆ ಸಾಗಿದ್ದರೆ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಓಕೆ ಅನ್ನಲು ತುಟಿ ಆಗಲೇ ದುಂಡಗಾಗಿತ್ತು. ಕಡೆಯ ಸಾಲಿನಲ್ಲಿ ಕ್ರೇನಿನವನು ಹೆಲ್ಮೆಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಅವಳ ಬಾಯಿಯನ್ನೇ ನೋಡುತ್ತಿದ್ದ.

‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್’ ಅಂದಳು ಮಿಸ್ಸು. ಮೈಕಿನಲ್ಲಿ ಅವಳ ದನಿ ಒಡೆದು ಕೇಳಿಸಿತು. ‘ಪ್ಲೀಸ್, ಒನ್ಸ್ ಮೋರ್.’

ಹೆಡ್ ಮಾಸ್ಟರ ಮುಖದ ನಗು ಅಲ್ಲೇ ಗಟ್ಟಿಯಾಯಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಮುಗೀತು, ಎಲ್ಲಾ ಮುಗೀತು, ಇನ್ನು ಈ ಜನ್ಮದಲ್ಲಿ ಕರಿಹಲಗೆ ಇಲ್ಲ ಅಂದುಕೊಂಡಳು ಮಿಸ್ಸು.

ಟೈ ಹಾಕಿದವನು ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. ‘ಐ... ದಟ್ ಈಸ್... ಮೇಡಂ...’ ಅಂದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನ ಕಿವಿ ಎರಡೂ ಕೆಂಪಾದವು. ಮುಂದೆ ಏನಾಗುತ್ತೆ ಅಂತ ಮಿಸ್ಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಅವನ ನಾಲಿಗೆ ಅಂಟಿಕೊಂಡಿದೆ.

ತನ್ನ ಭಯ ಮರೆತು ಅವನಿಗಾಗಿ ಹೆದರಿದಳು. ವೇದಿಕೆ ಇಳಿದು ಹೋಗಿ ಅವನ ಪಕ್ಕ ನಿಂತಳು. ‘ನಿಧಾನ. ಅವಸರ ಇಲ್ಲ. ಬೇಕಾದ್ರೆ ನಮ್ಮ ಮಾತಲ್ಲೇ ಹೇಳಿ’ ಅಂದಳು.

‘ಬಾಯಿಪಾಠ ಮಾಡ್ಕೊಂಡು ಬಂದಿದ್ದೆ ಮೇಡಂ’ ಅಂದ ಅವನು, ನೆಲ ನೋಡುತ್ತ. ‘ಹೋದ ಕಡೆ ಏನಾದ್ರೂ ಕೇಳಲೇಬೇಕು, ಶಾಲೆ ಮರ್ಯಾದೆ ಪ್ರಶ್ನೆ ಅಂತ ನಮ್ಮ ಪ್ರಿನ್ಸಿಪಾಲರು ಹೇಳಿ ಕಳಿಸಿದ್ರು. ಅದರ ಅರ್ಥ ನನಗೂ ಸರಿಯಾಗಿ ಗೊತ್ತಿಲ್ಲ.’

ಯಾರೋ ಒಬ್ಬರು ಕಿಸಕ್ಕೆಂದರು. ಮೂರನೇ ಸಾಲಿನಲ್ಲಿ ಒಬ್ಬ ಹಿರಿಯ ಮೇಷ್ಟರು ಎದ್ದು, ‘ನನಗೂ ಅರ್ಥ ಆಗಿರಲಿಲ್ಲ, ಆಗಿದೆ ಅಂತ ತಲೆ ಆಡಿಸ್ತಿದ್ದೆ’ ಅಂದರು. ‘ನಾನೂ’ ಅಂದರು ಇನ್ನೊಬ್ಬರು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಪಕ್ಕದವನ ಇಂಗ್ಲಿಷಿಗೆ ಹೆದರಿ ಬಂದವನೇ ಅಲ್ಲಿ ಪ್ರತಿಯೊಬ್ಬನೂ! ಹೆಡ್ ಮಾಸ್ಟರು ಕೂಡ ಹಣೆ ಒರೆಸಿಕೊಂಡು ಕೂತರು. ನರ್ಸಕ್ಕ ಹಿಂದಿನಿಂದ ಎದ್ದು ಬಂದು, ಟೀಚರುಗಳೆಲ್ಲ ಬಟ್ಟೆ ಒಗೆಯುವ ಕಟ್ಟಡಕ್ಕೆ ಬರಬೇಕು, ಕೂತು ಮಾತಾಡಬೇಕು, ಆದರೆ ತಿದ್ದಂಗಿಲ್ಲ ಅಂತ ಗದರಿಸಿ ಹೇಳಿದಳು. ಬರ್ತೀವಿ ಅಂತ ಕೈಯೆತ್ತಿದವರು ಕಡಿಮೆಯೇನಲ್ಲ. ಕೂಟ ಕಟ್ಟಿದ್ದು ಹಾಗೆ.

ಮಿಸ್ಸಿನ ಕೆಲಸ ಹೋಗಲಿಲ್ಲ. ಆದರೆ ಅವಳ ದಿಗಿಲು ಇನ್ನೂ ಇಳಿದಿರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಕಡೆಯ ಸಾಲಿಗೆ ಹೋದಳು. ಕ್ರೇನಿನವನು ಎದ್ದು ನಿಂತ. ಅವನ ಎದೆಮಟ್ಟಕ್ಕೆ ಬರುತ್ತಿದ್ದಳು ಅಷ್ಟೇ. ಕತ್ತೆತ್ತಿ ನೋಡಬೇಕಾಯಿತು.

‘ಅವತ್ತು ನೀನು ಕೇಳಿದಾಗ, ಅದನ್ನ ಹೇಗೆ ಹೇಳಬೇಕು ಅಂತ ನನಗೇ ಗೊತ್ತಿರಲಿಲ್ಲ ಕಣಪ್ಪ’ ಅಂದಳು. ‘ಅದಕ್ಕೇ ಬೆಂಚು ಹತ್ತಿಸಿದ್ದು.’

ಅವನು ಅವಳನ್ನು ನೋಡಿದ. ಕೋಪವಿರಲಿಲ್ಲ ಮುಖದಲ್ಲಿ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

‘ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಮಿಸ್’ ಅಂದ.